ಬಿಳಿ ಉಗುರು

ವಿಶಾಖಕ್ಕ ನನಗೆ ಸಿಕ್ಕಿದ್ದು ಶಾಲೆಯ ಗೇಟಿನ ಮುಂದೆ. ಆಗ ನಾನು ವಾಚ್‌ಮನ್‌ ಮೇಲೆ ಹರಿಹಾಯುತ್ತಿದ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಆದರೆ ಒಳಗೆ ಕುಳಿತ ಪ್ರಿನ್ಸಿಪಾಲರು ಹೊರಗೆ ಬರುವ ಲಕ್ಷಣ ಕಾಣಲಿಲ್ಲ, ನನ್ನ ಸಿಟ್ಟಿಗೆ ಯಾರಾದರೊಬ್ಬರು ಬೇಕಿತ್ತು. ನನ್ನ ಬಾಯಿ ಎಂಥದ್ದೆಂದು ನಮ್ಮೂರು ಟಿಕೋಟಾಕ್ಕೆಲ್ಲ ಗೊತ್ತು. ತೊರವಿಯ ಶಾಲೆಯ ಆ ವಾಚ್‌ಮನ್‌ಗೆ ಅಂದು ಗೊತ್ತಾಯಿತು.

ಆಗಿದ್ದಿಷ್ಟು. ಬೆಳಿಗ್ಗೆ ಶಾಲೆಯಿಂದ ಎಲ್ಲ ಪಾಲಕರ ಮೊಬೈಲಿಗೂ ಒಂದು ಸಂದೇಶ ಬಂದಿತ್ತು. ಮುಂದಿನ ವಾರದಿಂದ ಶಾಲೆಯಲ್ಲೇ ಮಕ್ಕಳಿಗೆಲ್ಲ ದಡಾರದ ಚುಚ್ಚುಮದ್ದು ಹಾಕುತ್ತಾರೆ, ಹಾಕಿಸಿಕೊಳ್ಳದವರಿಗೆ ತರಗತಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಕೆಳಗೊಂದು ಕೈಮುಗಿದ ಚಿತ್ರ. ಯಾಕೆ, ಏನು, ನಿಮ್ಮ ಮಗುವಿಗೆ ಏನಾದರೂ ತೊಂದರೆ ಇದೆಯೇ ಎಂಬ ಒಂದು ಮಾತಿಲ್ಲ.

ನನ್ನ ಮಗಳು ತರನ್ನುಮಗೆ ಒಂದೂವರೆ ವರ್ಷವಿದ್ದಾಗ ಸೂಜಿ ಹಾಕಿಸಿಕೊಂಡು ಬಂದ ಸಂಜೆಯೇ ಜ್ವರ ನೆತ್ತಿಗೇರಿ ಫಿಟ್ಸ್‌ ಬಂದಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಹಲ್ಲು ಕಚ್ಚಿ, ನನ್ನ ತೊಡೆಯ ಮೇಲೆಯೇ ಕಟ್ಟಿಗೆಯಾಗಿದ್ದಳು. ಡಾಕ್ಟರರು ನೋಡಿ, "ಜ್ವರಕ್ಕ ಬರ್ತಾವ್ರಿ, ಏನೂ ಆಗಂಗಿಲ್ಲ" ಎಂದರು. ಏನೂ ಆಗದಿದ್ದರೆ ಇದು ಯಾಕೆ ಆಯಿತೆಂದು ನಾನು ಕೇಳಿದೆ. ಅವರು ಮುಂದಿನವರನ್ನು ಒಳಗೆ ಕರೆದರು. ಅಂದು ಯಾರಾದರೂ ನನ್ನನ್ನು ಕೂರಿಸಿಕೊಂಡು, ಸುಮ್ಮನೆ ಎರಡು ಮಾತು ತಿಳಿಸಿ ಹೇಳಿದ್ದರೆ ನಾನು ಕೇಳಿಸಿಕೊಳ್ಳುತ್ತಿದ್ದೆ. ಯಾರೂ ಹೇಳಲಿಲ್ಲ. ಆಮೇಲೆ ಮಗ ಜಾಹೀದ ಹುಟ್ಟಿದ. ಅವನಿಗೆ ಒಂಬತ್ತು ತಿಂಗಳು ತುಂಬಿದಾಗ ಹಾಕಬೇಕಾದ ದಡಾರದ ಸೂಜಿಯನ್ನು ನಾನು ಹಾಕಿಸಲಿಲ್ಲ. ಮನೆಗೆ ಬಂದು ಕರೆದ ಆರೋಗ್ಯ ಇಲಾಖೆಯವರನ್ನು, ನಾಳೆ, ನಾಡಿದ್ದು ಎಂದು ವಾಪಸು ಕಳಿಸಿದೆ.

ಗೇಟಿನ ಮುಂದೆ ನಾನು ಕೂಗಾಡುತ್ತಿದ್ದಾಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು.

"ಅವನ ಮ್ಯಾಲ ಯಾಕ ಒದರ್ತೀ ತಂಗಿ? ಅವ ಕೀಲಿ ತಗಿಯಾಂವ. ಕೀಲಿ ಹಾಕಿದಾಂವ ಒಳಗ ಕುಂತಾನ. ಬಾ, ಎಲ್ಲಾರೂ ಕೂಡಿ ಕೇಳೂನು."

ಅವಳೇ ವಿಶಾಖಕ್ಕ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮನೆ. ಗಂಡ ಕುನಾಲ ಬ್ಯಾಂಕಿನಲ್ಲಿ ನೌಕರಿ. ಮಗಳು ಆಮ್ರಪಾಲಿ ನಮ್ಮ ತರನ್ನುಮಳ ತರಗತಿಯಲ್ಲೇ ಓದುತ್ತಿದ್ದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎತ್ತಿ ಕಟ್ಟಿದ ಕೂದಲು, ಮಾತಿನಲ್ಲಿ ಒಂದು ತೂಕ. ನಾನು ಹತ್ತು ಸಲ ಕೂಗಿದರೂ ಆಗದ್ದು ಅವಳು ಒಮ್ಮೆ ಮೆಲ್ಲಗೆ ಹೇಳಿದರೆ ಆಗುತ್ತಿತ್ತು. ಪ್ರಿನ್ಸಿಪಾಲರು ಹೊರಗೆ ಬಂದರು. ಅವಳು ಅವರಿಗೆ ಕೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಸರ್, ನಮ್ಮ ಮಕ್ಕಳ ಮೈಗೆ ಸೂಜಿ ಚುಚ್ಚೂ ಮುಂದ ನಮ್ಮನ್ನ ಒಂದು ಮಾತು ಕೇಳಬೇಕೋ ಬ್ಯಾಡೋ?"

ಸರಿಯಾದ ಮಾತು. ನಾನು ಇವತ್ತಿಗೂ ಅದನ್ನು ತಪ್ಪು ಎನ್ನಲಾರೆ. ಪ್ರಿನ್ಸಿಪಾಲರು ಒಳಗೆ ವಾಪಸು ಹೋದರು. ನಾವು ಗೇಟಿನ ಮುಂದೆ ನಿಂತಿದ್ದ ತಾಯಂದಿರೆಲ್ಲ ಅಲ್ಲೇ ನಂಬರು ಹಂಚಿಕೊಂಡೆವು. ಸಂಜೆಯೊಳಗೆ ವಾಟ್ಸಾಪ್ ಗುಂಪು ತಯಾರಾಗಿತ್ತು. ಅದರ ಹೆಸರು 'ಬಿಳಿ ಉಗುರು'.

ಹೆಸರಿಟ್ಟವಳು ನಾನೇ. ಸರ್ಕಾರದ ಈ ದಡಾರದ ಅಭಿಯಾನದಲ್ಲಿ ಸೂಜಿ ಹಾಕಿದ ಮಗುವಿನ ಎಡಗೈ ಹೆಬ್ಬೆರಳ ಉಗುರಿಗೆ ಕಪ್ಪು ಮಾರ್ಕರಿನಿಂದ ಗೆರೆ ಎಳೆಯುತ್ತಾರೆ, ಮತ ಹಾಕಿದವರಿಗೆ ಶಾಯಿ ಹಚ್ಚುವ ಹಾಗೆ. ನಮ್ಮ ಮಕ್ಕಳ ಉಗುರು ಬಿಳಿಯಾಗಿಯೇ ಇರುತ್ತದೆ ಎಂದು ನಾನು ಅಂದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ಪ್ರತಿ ಭಾನುವಾರ ವಿಶಾಖಕ್ಕನ ಮನೆಯ ಮಾಳಿಗೆಯ ಮೇಲೆ ಸೇರುವುದು, ಸಭೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಗುಂಡಗೆ ಕೂರಿಸಿ, ಎಡಗೈ ಹೆಬ್ಬೆರಳುಗಳನ್ನು ನಡುವೆ ಕೂಡಿಸಿ ಫೋಟೊ ತೆಗೆದು ಗುಂಪಿಗೆ ಹಾಕುವುದು ರೂಢಿಯಾಯಿತು. ಯಾರೂ ಹಿಂದೆ ಸರಿದಿಲ್ಲ ಎಂಬುದಕ್ಕೆ ಅದೇ ನಮ್ಮ ಪ್ರಮಾಣ.

ಆ ಮಾಳಿಗೆಯ ಬಗ್ಗೆ ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ನಿಮಗೆ ಅರ್ಥವಾಗುವುದಿಲ್ಲ. ನಾನು ಮದುವೆಮನೆಗಳಿಗೆ ಹೋಗಿ ಮದುಮಕ್ಕಳಿಗೆ ಮೆಹಂದಿ ಹಚ್ಚುವವಳು. ಹೋದಲ್ಲೆಲ್ಲ ಊಟ ಹಾಕುತ್ತಾರೆ, ಹೊಗಳುತ್ತಾರೆ, ಮರುದಿನ ರಸ್ತೆಯಲ್ಲಿ ಸಿಕ್ಕರೆ ಗುರುತು ಹಿಡಿಯುವುದಿಲ್ಲ. ಮನೆಯಲ್ಲಿ ನಾನು ಟಂಟಂ ರಿಕ್ಷಾ ಓಡಿಸುವ ಸಾದಿಕನ ಹೆಂಡತಿ, ಬೀಬಿಜಾನಳ ಸೊಸೆ. ಆ ಮಾಳಿಗೆಯ ಮೇಲೆ ಮಾತ್ರ ನಾನು ಸುರೈಯಾ. ನಾನು ಮಾತಾಡಿದರೆ ಕೇಳುತ್ತಿದ್ದರು, ನಕ್ಕರೆ ಜೊತೆಗೆ ನಗುತ್ತಿದ್ದರು. ಬಬಲೇಶ್ವರದಿಂದ ಚಂದ್ರಾಬಾಯಿ ಬರುತ್ತಿದ್ದಳು, ಮೊಮ್ಮಗನನ್ನು ಬಗಲಲ್ಲಿಟ್ಟುಕೊಂಡು. ಮಗ ಸೊಸೆ ಇಬ್ಬರೂ ದುಡಿಯಲು ಹೋಗುವುದರಿಂದ ಹುಡುಗನ ಶಾಲೆಯ ಉಸಾಬರಿಯೆಲ್ಲ ಅವಳದೇ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದೆವು. ಬರುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಗಂಟು ಕಟ್ಟಿಕೊಂಡು ತರುತ್ತಿದ್ದಳು. ನಾನು ಒಣದ್ರಾಕ್ಷಿ ಒಯ್ಯುತ್ತಿದ್ದೆ. ಸಭೆ ಅರ್ಧ ಗಂಟೆ, ಊಟ ಮತ್ತು ಹರಟೆ ಇಡೀ ಮಧ್ಯಾಹ್ನ.

ಊಟದಲ್ಲಷ್ಟೇ ಅಲ್ಲ. ನನ್ನ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದಾಗ ಆಸ್ಪತ್ರೆಯಲ್ಲಿ ಇಡೀ ದಿನ ಕುಳಿತವಳು ವಿಶಾಖಕ್ಕ. ಅತ್ತೆಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಪಟ್ಟಿ ಕಟ್ಟಿದ ಕಣ್ಣಲ್ಲೇ ಅವಳ ಕೈ ಹಿಡಿದು, "ನೀ ಯಾರ ಮಗಳವ್ವಾ?" ಎಂದು ಕೇಳಿದ್ದರಂತೆ. "ನಿಮ್ಮ ಮಗಳ ಅಂತ ತಿಳಕೋರಿ" ಎಂದಿದ್ದಳಂತೆ ಇವಳು. ಅತ್ತೆ ಆ ಮಾತನ್ನು ಓಣಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಅಕ್ಕ ಇರಲಿಲ್ಲ. ಅಲ್ಲಾ ಕೊಡಲಿಲ್ಲ ಎಂದು ಸುಮ್ಮನಿದ್ದೆ, ಈಗ ಕೊಟ್ಟ ಎಂದುಕೊಂಡೆ.

ಶಾಲೆ ಜಗ್ಗಲಿಲ್ಲ. ಕೊನೆಗೆ ಒಂದು ಸೋಮವಾರ ಗೇಟಿನ ಮುಂದೆ ಧರಣಿ ಕೂರುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಮಾಳಿಗೆಯ ಮೇಲೆ ಸೇರಿದಾಗ ಆಮ್ರಪಾಲಿಯ ಕೈ ನೋಡಿ ನಾನು ನಕ್ಕೆ. ಎರಡೂ ಕೈಗೆ ಮೆಹಂದಿ, ಅದೂ ಎಂಥದ್ದು! ಅಂಗೈಯಲ್ಲಿ ಒಂದು ವಕ್ರ ಗುಂಡು, ಬೆರಳ ತುದಿಗಳಿಗೆಲ್ಲ ಉಗುರು ಸಮೇತ ದಪ್ಪಗೆ ಮೆತ್ತಿಬಿಟ್ಟಿದ್ದರು.

"ಅಕ್ಕಾ, ಇದನ್ನ ಯಾರ ಹಚ್ಯಾರ್ರಿ? ಎಮ್ಮಿ ಬಾಲದಲೆ ಹಚ್ಚಿದಂಗ ಆಗೇತಿ!"

"ನಾನ ಹಚ್ಚೇನಿ. ನಾದಿನಿ ಮನ್ಯಾಗ ನಿಶ್ಚಯ ಇತ್ತು, ಗಡಿಬಿಡಿ ಆತು."

"ನನಗ ಒಂದು ಫೋನ್ ಮಾಡಿದ್ರ ಓಡಿ ಬರ್ತಿದ್ದಿಲ್ಲೇನ್ರಿ?"

"ನಿನಗ ಎಷ್ಟ ತ್ರಾಸ ಕೊಡೂದು ಸುರೈಯಾ."

ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ. ಊರಿನ ಕೈಗಳಿಗೆಲ್ಲ ಹಚ್ಚುವ ನನ್ನನ್ನು ಬಿಟ್ಟು, ತಾನೇ ಮೆತ್ತಿದ್ದಾಳೆ ಎಂದು. ಸಂಕೋಚದವಳು, ನನ್ನಿಂದ ಪುಕ್ಕಟೆ ಮೆಹಂದಿ ಹಚ್ಚಿಸಲು ಮನಸ್ಸಾಗಿರಲಿಕ್ಕಿಲ್ಲ ಎಂದು ನಾನೇ ಸಮಾಧಾನ ಮಾಡಿಕೊಂಡೆ. ಫೋಟೊ ತೆಗೆದಾಗ ಬಿಳಿ ಉಗುರುಗಳ ನಡುವೆ ಒಂದೇ ಒಂದು ಕೆಂಪು ಉಗುರು. ಚಂದ್ರಾಬಾಯಿ, "ನಮ್ಮ ಲೀಡರನ ಮಗಳಲ್ಲಾ, ಶೋಕಿ ಇರ್ಬೇಕು" ಎಂದಳು. ಎಲ್ಲರೂ ನಕ್ಕೆವು, ಎಲ್ಲರಿಗಿಂತ ಜೋರಾಗಿ ನಾನು.

ಧರಣಿ ಗೆದ್ದಿತು. ಬಿಸಿಲಲ್ಲಿ ಕುಳಿತ ಹೆಂಗಸರ ಫೋಟೊ ಪೇಪರಿನಲ್ಲಿ ಬಂದ ಮರುದಿನವೇ ಶಾಲೆ ಹೊಸ ಸಂದೇಶ ಕಳಿಸಿತು. ಪಾಲಕರ ಒಪ್ಪಿಗೆ ಇದ್ದರೆ ಮಾತ್ರ ಸೂಜಿ, ಇಲ್ಲದವರು ಎಂದಿನಂತೆ ತರಗತಿಗೆ ಬರಬಹುದು. ಅಂದು ಮಾಳಿಗೆಯ ಮೇಲೆ ಹಬ್ಬ. ಕುನಾಲಣ್ಣ ಪೇಢೆ ತಂದು ಎಲ್ಲರಿಗೂ ಹಂಚಿದ, ಆದರೆ ನಮ್ಮ ಜೊತೆ ನಿಲ್ಲಲಿಲ್ಲ, ಕೊಟ್ಟು ಕೆಳಗೆ ಹೋದ. ವಿಶಾಖಕ್ಕ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ನನ್ನಂಥವಳ ಮಾತಿಗೂ ಒಂದು ಶಾಲೆ ಬಗ್ಗಿತಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಅದಾದ ಎರಡು ತಿಂಗಳಿಗೆ ಬಿಜ್ಜರಗಿಗೆ ಮೆಹಂದಿ ಹಚ್ಚಲು ಹೋಗಿದ್ದೆ. ಮದುಮಗಳ ಮನೆಯ ಸಾಲಿನಲ್ಲೇ ಎರಡು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಏನೆಂದು ಕೇಳಿದರೆ, "ಹುಡುಗರಿಗೆ ಗೊಬ್ಬರ ಎದ್ದಾವ್ರೀ" ಎಂದರು. ದಡಾರಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಕುರಿ ಕಾಯುವವರ ಮನೆಯ ಕೂಸೊಂದಕ್ಕೆ ಉಸಿರು ಹಿಡಿದು ಜಿಲ್ಲೆಯ ಆಸ್ಪತ್ರೆಗೆ ಒಯ್ದಿದ್ದರಂತೆ. ಮದುಮಗಳ ಅಂಗೈಯಲ್ಲಿ ನಾನು ಬರೆಯುತ್ತಿದ್ದ ನವಿಲಿನ ಕತ್ತು ಸೊಟ್ಟಗಾಯಿತು. ನನ್ನ ಜಾಹೀದನಿಗೆ ಇನ್ನೂ ಎರಡು ತುಂಬಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಸಾದಿಕ, "ನಾಳಿ ನಸುಕಿನ್ಯಾಗ ಹೋಗಿ ಹಾಕಿಸ್ಕೊಂಡ ಬರೂನು" ಎಂದ. ನನಗೂ ಅದೇ ಮನಸ್ಸಿತ್ತು. ಆದರೆ ವಿಶಾಖಕ್ಕನಿಗೆ ಹೇಳದೆ ಹೋಗುವುದು ಹೇಗೆ? ಗುಂಪಿಗೆ ಹೆಸರಿಟ್ಟವಳೇ ನಾನು. ಕದ್ದು ಹೋಗುವುದು ನನಗೆ ಬರುವುದಿಲ್ಲ, ಹೇಳಿಯೇ ಹೋಗುತ್ತೇನೆ ಎಂದು ಫೋನ್ ಹಚ್ಚಿದೆ.

"ಅಕ್ಕಾ, ಬಿಜ್ಜರಗ್ಯಾಗ ಗೊಬ್ಬರ ಎದ್ದಾವ್ರಿ. ನನಗ ಭಾಳ ಹೆದರಿಕಿ ಆಗಾಕತ್ತೇತಿ. ಜಾಹೀದಗ ಹಾಕಿಸಿ ಬಿಡ್ಲೇನ್ರಿ?"

ಆ ಕಡೆಯಿಂದ ಅವಳ ತೂಕದ ದನಿ ಬಂತು.

"ನೀ ಹೋದಿ ಅಂದ್ರ ಎಲ್ಲಾರೂ ಹೋಗ್ತಾರ ಸುರೈಯಾ. ನಾಳಿ ಶಾಲಿಯವರು ನಮ್ಮ ಮಾರಿ ನೋಡಿ ನಗ್ತಾರ. ಇಷ್ಟ ದಿನ ಮಾಡಿದ್ದೆಲ್ಲ ಹೊಳ್ಯಾಗ ಹೋಗ್ತದ. ತರನ್ನುಮಗ ಏನಾಗಿತ್ತು, ಮರತೀ?"

"ಮರತಿಲ್ರಿ. ಅದಕ್ಕ ಹೆದರಾಕತ್ತೀನಿ. ಹಾಕಿಸಿದ್ರೂ ಹೆದರಿಕಿ, ಬಿಟ್ರೂ ಹೆದರಿಕಿ."

"ನನಗೂ ಮಗಳ ಅದಾಳಲ್ಲ? ನಾ ಹೋಗೇನೇನು? ಹೆದರಬ್ಯಾಡ. ನನ್ನ ಆಮ್ರಪಾಲಿಗೆ ಏನಾಗ್ತದೋ ನಿನ್ನ ಜಾಹೀದಗೂ ಅದ ಆಗ್ತದ."

ಇದನ್ನು ನಾನು ಆಣೆಯಂತೆ ತೆಗೆದುಕೊಂಡೆ. ತನ್ನ ಮಗಳನ್ನು ನನ್ನ ಮಗನ ಪಕ್ಕದಲ್ಲಿ ನಿಲ್ಲಿಸಿದ್ದಾಳೆ, ಇನ್ನೇನು ಬೇಕು? ಸಾದಿಕನ ಜೊತೆ ಅವಳ ಪರವಾಗಿ ಜಗಳವಾಡಿದೆ. "ಆಕೀ ಓದಿದಾಕೀ, ಆಕೀನ ಮಗಳಿಗೆ ಹಾಕಿಸಿಲ್ಲ, ನೀ ಏನ ದೊಡ್ಡ ಡಾಕ್ಟರನ?" ಎಂದೆ. ಅವನು ಸಿಟ್ಟಿನಲ್ಲಿ ಊಟ ಬಿಟ್ಟು ಎದ್ದ.

ಜಾಹೀದನಿಗೆ ಮೊದಲು ನೆಗಡಿ, ಆಮೇಲೆ ಜ್ವರ. ಕಣ್ಣು ಕೆಂಪಗಾಗಿ ನೀರು ಸುರಿಯಿತು. ಕಿವಿಯ ಹಿಂದೆ ಸಣ್ಣ ಗುಳ್ಳೆ ಕಂಡಾಗ ಅತ್ತೆ ಎದ್ದು ಹೋಗಿ ಒಗ್ಗರಣೆಯ ಸೌಟು ಎತ್ತಿಟ್ಟರು. ಗೊಬ್ಬರ ಎದ್ದ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ. ಗುಳ್ಳೆ ಮೈತುಂಬ ಹಬ್ಬಿತು, ಇಳಿಯಲೂ ಶುರುವಾಯಿತು. ಇನ್ನೇನು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಉಸಿರು ಹಿಡಿಯಿತು. ಪಕ್ಕೆಲುಬು ಒಳಗೆಳೆದುಕೊಂಡು ಒದ್ದಾಡುತ್ತಿದ್ದ ಕೂಸನ್ನು ಸಾದಿಕನ ಟಂಟಂನಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಬಂದೆವು. ದಾರಿಯುದ್ದಕ್ಕೂ ಸಾದಿಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿ ಕೊನೆಯ ಕೋಣೆಯಲ್ಲಿ ಮಲಗಿಸಿದರು. ಗುಂಪಿನ ಹೆಂಗಸರು ಬಂದರು, ಅದನ್ನು ನಾನು ಮರೆಯುವುದಿಲ್ಲ. ಒಬ್ಬಳು ಚಹಾ, ಒಬ್ಬಳು ಹಾಸಿಗೆ ಬಟ್ಟೆ, ಇನ್ನೊಬ್ಬಳು ತರನ್ನುಮಳನ್ನು ತನ್ನ ಮನೆಗೇ ಕರೆದೊಯ್ದಳು. ಆದರೆ ಯಾರೂ ಕೋಣೆಯ ಒಳಗೆ ಕಾಲಿಡಲಿಲ್ಲ. ಚಂದ್ರಾಬಾಯಿ ಜೋಳದ ಗಂಜಿ ತಂದು ಮೆಟ್ಟಿಲ ಹತ್ತಿರವೇ ನಿಂತು ಅತ್ತೆಯ ಕೈಗೆ ಕೊಟ್ಟಳು.

"ಒಳಗ ಬರಂಗಿಲ್ಲ ತಂಗಿ, ಸಿಟ್ಟಾಗಬ್ಯಾಡ. ಮನ್ಯಾಗ ಮೊಮ್ಮಗ ಅದಾನ."

ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಅಲ್ಲೇ ನಿಲ್ಲುತ್ತಿದ್ದೆ.

ವಿಶಾಖಕ್ಕ ಬಂದದ್ದು ಶಾಲೆ ಬಿಟ್ಟ ಹೊತ್ತಿಗೆ, ಆಮ್ರಪಾಲಿಯ ಕೈ ಹಿಡಿದುಕೊಂಡು. ಮೆಟ್ಟಿಲ ಹತ್ತಿರ ನಿಲ್ಲಲಿಲ್ಲ, ನೇರ ಒಳಗೆ ಬಂದಳು. ಹುಡುಗಿ ಬ್ಯಾಗು ಬಿಸಾಡಿ ಓಡಿಬಂದು ಮಂಚ ಹತ್ತಿ, ಜಾಹೀದನ ಕೆನ್ನೆಗೆ ತನ್ನ ಕೆನ್ನೆ ಹಚ್ಚಿತು.

ನಾನು ಕಿರುಚಿಬಿಟ್ಟೆ. "ಅಕ್ಕಾ! ಕೂಸಿನ ಕರಕೋರಿ! ಇಲ್ಲಿ ಯಾಕ ತಂದ್ರಿ ಆಕೀನ್ನ? ಹತ್ತತೈತಿ ಅದು!"

"ಇರ್ಲಿ ಬಿಡ ಸುರೈಯಾ. ಏನೂ ಆಗಂಗಿಲ್ಲ," ಎಂದಳು ಅವಳು. ಬಾಟಲಿಯಿಂದ ನೀರು ಕುಡಿದಳು. ಮಂಚದ ಕೊನೆಗೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡಳು.

ನಾನು ಅವಳ ಮುಖ ನೋಡಿದೆ. ಆ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಊರಿನ ತಾಯಂದಿರೆಲ್ಲ ಬಾಗಿಲಲ್ಲಿ ಸೆರಗು ಮುಚ್ಚಿಕೊಂಡು ನಿಲ್ಲುವ ಕೋಣೆಯಲ್ಲಿ ಇವಳು ತನ್ನ ಒಬ್ಬಳೇ ಮಗಳನ್ನು ಆಡಲು ಬಿಟ್ಟಿದ್ದಾಳೆ. ಮಕ್ಕಳ ವಿಷಯದಲ್ಲಿ ಇವಳೇನು ಧೈರ್ಯದವಳಲ್ಲ. ಹುಡುಗಿ ಮಾಳಿಗೆಯ ಅಂಚಿಗೆ ಹೋದರೆ ಸಭೆ ಬಿಟ್ಟು ಓಡುವವಳು. ಹಾಗಿದ್ದವಳಿಗೆ ಇಲ್ಲಿ ಹೆದರಿಕೆ ಯಾಕಿಲ್ಲ ಎಂದುಕೊಂಡೆ. ಆಗ ಫೋಟೊದ ಆ ಒಂದೇ ಕೆಂಪು ಉಗುರು ನೆನಪಾಯಿತು.

ಆಮ್ರಪಾಲಿಯನ್ನು ಹತ್ತಿರ ಕರೆದು ಎಡಗೈ ಹಿಡಿದೆ. ಚರ್ಮದ ಮೆಹಂದಿ ಎಂದೋ ಹೋಗಿತ್ತು. ಉಗುರುಗಳು ಬುಡದಿಂದ ಬಿಳಿ ಬೆಳೆದು, ತುದಿಯಲ್ಲಿ ಮಾತ್ರ ಕೆಂಪು ಉಳಿದಿತ್ತು. ಹೆಬ್ಬೆರಳ ತುದಿಯಲ್ಲಿ ಆ ಕೆಂಪಿನ ಕೆಳಗೆ ಕರ್ರಗಿನ ಒಂದು ಗೆರೆ.

"ಇದೇನವ್ವಾ, ಕರ್ರಗ?"

"ಸೂಜಿ ಮಾಡಿದಾಗ ಸಿಸ್ಟರು ಬರದಾರ್ರಿ ಆಂಟಿ. ಅದು ಕಾಣಬಾರದಂತ ಮಮ್ಮಿ ಮೆಹಂದಿ ಹಚ್ಚಿದ್ಳು," ಎಂದಿತು ಹುಡುಗಿ. ಹೇಳಿ ಅಮ್ಮನ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿಯಿತು.

ವಿಶಾಖಕ್ಕ ಎದ್ದು ನಿಂತಳು. ನಾನೂ ಎದ್ದೆ. ವರಾಂಡಕ್ಕೆ ಅವಳೇ ಮುಂದೆ ನಡೆದಳು.

"ಯಾವಾಗ?" ಎಂದೆ.

"ಶಾಲಿಯಿಂದ ಮೆಸೇಜ್ ಬಂತಲ್ಲ, ಧರಣಿ ಕುಂಡ್ರೂ ಮುಂದ. ನಮ್ಮ ಮನಿಯವರು ಹಟ ಹಿಡದ್ರು ಸುರೈಯಾ. ಹಾಕಿಸಲಿಲ್ಲಂದ್ರ ಮನ್ಯಾಗ ಇರಬ್ಯಾಡ ಅಂದ್ರು. ನನಗೂ ಒಳಗ ಹೆದರಿಕಿ ಇತ್ತು."

"ನನಗ ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳಲಿ? ನೀವೆಲ್ಲಾ ನನ್ನ ಮಾರಿ ನೋಡಿ ಕೂಡಿದ್ರಿ. ಅಕ್ಕಾ ಅಕ್ಕಾ ಅಂತ ಹಿಂದ ಬಂದ್ರಿ. ನನ್ನ ಮಾತ ಯಾರ ಕೇಳಿದ್ರು ಅಲ್ಲೀ ತನಕ? ಮನ್ಯಾಗ ನಾ ಒಂದು ಕುರ್ಚಿ ಇದ್ದಂಗ ಇದ್ದೆ. ಹೇಳಿದ್ರ ಎಲ್ಲಾ ಮುಗೀತಿತ್ತು."

"ಅವತ್ತ ಫೋನಿನ್ಯಾಗ ನಾ ಕೇಳಿದಾಗ? ಆವಾಗರೆ ಹಾಕಿಸು ಅನ್ನಬಹುದಿತ್ತಲ್ರಿ. ನಿಮ್ಮದ ಹೇಳಬ್ಯಾಡ್ರಿ, ನನ್ನ ಕೂಸಿಗೆ ಹಾಕಿಸು ಅಂತ ಅಷ್ಟ ಅಂದಿದ್ರ ಸಾಕಿತ್ತಲ್ರಿ!"

ನಾನು ಅವಳನ್ನು ಹೊಡೆಯಬೇಕಿತ್ತು. ವಾಚ್‌ಮನ್‌ ಮೇಲೆ, ಗಂಡನ ಮೇಲೆ, ಬಸ್ಸಿನ ಕಂಡಕ್ಟರನ ಮೇಲೆ ಏರಿಹೋಗುವ ನಾನು, ಅಂದು ಗೋಡೆಗೆ ಒರಗಿ ಕುಳಿತೆ. ಅವಳು ಮಗಳನ್ನು ಕರೆದುಕೊಂಡು ಹೋದಳು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಡಲು ಬಂದಳು, ನಾನು ತಲೆ ಸರಿಸಿದೆ.

ತಪ್ಪು ನಿನ್ನದಲ್ಲವೇ, ಕೂಸು ನಿನ್ನದು ತಾನೇ ಎಂದು ನೀವು ಕೇಳಬಹುದು. ನನ್ನ ಪಾಲಿನದು ನನಗೆ ಗೊತ್ತಿದೆ. ಅದನ್ನು ದಿನಾ ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸುತ್ತೇನೆ. ಅವಳ ಪಾಲಿನದು ಮಾತ್ರ ಅವಳದೇ. ಒತ್ತಾಯ ಮಾಡಬೇಡಿ ಎಂದು ಶಾಲೆಗೆ ಹೇಳಿದ ಬಾಯಿಂದಲೇ ಅವಳು ನನ್ನನ್ನು ಹಿಡಿದು ನಿಲ್ಲಿಸಿದಳು, ತನ್ನ ಮಗಳನ್ನು ಆಚೆ ದಡಕ್ಕೆ ದಾಟಿಸಿಟ್ಟುಕೊಂಡು.

ಜಾಹೀದ ಬದುಕಿದ. ಆಕ್ಸಿಜನ್ ತೆಗೆದರು, ಹಾಲು ಕುಡಿದ, ನಕ್ಕ. ನಾನು ದರ್ಗಾಕ್ಕೆ ಹರಕೆ ಹೊತ್ತೆ. ಮನೆಗೆ ಹೋಗುವ ದಿನ ಬಟ್ಟೆ ಕಟ್ಟುತ್ತಿದ್ದಾಗ ಅತ್ತೆಯ ಕೈಯಿಂದ ಸ್ಟೀಲಿನ ಡಬ್ಬಿ ಜಾರಿ, ಮಂಚದ ಕಬ್ಬಿಣಕ್ಕೆ ಬಡಿದು ನೆಲಕ್ಕುರುಳಿತು. ಪಕ್ಕದ ಕೋಣೆಯ ಎಳೆ ಕೂಸು ಬೆಚ್ಚಿ ಅಳತೊಡಗಿತು. ಡಬ್ಬಿಯ ಪಕ್ಕದಲ್ಲೇ ಕುಳಿತಿದ್ದ ಜಾಹೀದ ಕಣ್ಣು ಸಹ ಮಿಟುಕಿಸಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಡಬ್ಬಿ ಎತ್ತಿ ಇನ್ನೊಮ್ಮೆ ಬೇಕೆಂದೇ ಬೀಳಿಸಿದರು.

ಕಿವಿಯ ಡಾಕ್ಟರರು ಯಂತ್ರ ಹಚ್ಚಿ ಪರೀಕ್ಷೆ ಮಾಡಿ ಹೇಳಿದರು. ದಡಾರ ಒಳಗಿವಿಗೆ ಇಳಿದಿದೆ, ಎರಡೂ ಕಿವಿ ಹೋಗಿವೆ, ಹೋದದ್ದು ವಾಪಸು ಬರುವುದಿಲ್ಲ. ಈ ಡಾಕ್ಟರರು ಒಳ್ಳೆಯವರು, ನನ್ನನ್ನು ಕೂರಿಸಿಕೊಂಡು, ಕಿವಿಯ ಚಿತ್ರ ಬರೆದು, ಎಲ್ಲ ತಿಳಿಸಿ ಹೇಳಿದರು.

ನಾನು ಗುಂಪಿಗೆ ನನ್ನ ದನಿಯಲ್ಲೇ ನಡೆದದ್ದನ್ನೆಲ್ಲ ಹೇಳಿ ಕಳಿಸಿದೆ, ಮೆಹಂದಿಯ ವಿಷಯವನ್ನೂ. ಮಗನ ಕಿವಿಯ ಮಾತು ಮಾತ್ರ ಹೇಳಲಿಲ್ಲ. ಅದನ್ನು ಹೇಳಲು ಬಾಯಿ ಬರಲಿಲ್ಲ. ಮರುದಿನ ನೋಡಿದರೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ನಾನೇ ಹೆಸರಿಟ್ಟ ಗುಂಪು. ವಾರ ಕಳೆದ ಮೇಲೆ ಚಂದ್ರಾಬಾಯಿ ರೊಟ್ಟಿಯ ಗಂಟಿನೊಂದಿಗೆ ಟಿಕೋಟಾಕ್ಕೆ ಬಂದಳು.

"ಆದದ್ದಾತು ತಂಗಿ. ಇದನ್ನ ಹೊರಗ ಹೇಳಬ್ಯಾಡ. ಶಾಲಿಯವರಿಗೆ ಗೊತ್ತಾದ್ರ ನಾವೆಲ್ಲಾ ಹುಚ್ಚರಂಗ ಕಾಣ್ತೀವಿ. ಕೂಸು ಉಳೀತಲ್ಲ, ದೇವರು ದೊಡ್ಡಾಂವ."

"ಆಯಿ, ಖರೇ ಹೇಳ್ರಿ. ಮೊಮ್ಮಗಗ ಹಾಕಿಸೀರೇನ್ರಿ?"

ಅವಳು ಗಂಟಿನ ಬಟ್ಟೆ ಬಿಚ್ಚತೊಡಗಿದಳು. "ನಿನ್ನ ಮಗನ್ನ ದವಾಖಾನಿಗೆ ಹಾಕಿದ ದಿನಾನ ಹೋಗಿದ್ದೆ," ಎಂದಳು. "ಎಲ್ಲಾರೂ ಹೋಗ್ಯಾರ. ಅಲ್ಲೇ ಸಾಲಿನ್ಯಾಗ ಒಬ್ಬರಿಗೊಬ್ಬರು ಭೆಟ್ಟಿ ಆದ್ವಿ. ಯಾರೂ ಯಾರನ್ನೂ ಮಾತಾಡಸಲಿಲ್ಲ."

ಸಾದಿಕನೂ ಅದೇ ವಾರ ತರನ್ನುಮಳನ್ನು ಕರೆದೊಯ್ದು ಹಾಕಿಸಿಕೊಂಡು ಬಂದಿದ್ದ. ಒಂದು ದಿನ ಜ್ವರ ಬಂತು, ಹೋಯಿತು. ನಾನು ಪಕ್ಕದಲ್ಲಿ ಕುಳಿತು ಹಣೆಗೆ ಒದ್ದೆ ಬಟ್ಟೆ ಹಾಕಿದೆ.

ವಿಶಾಖಕ್ಕ ಬಂದದ್ದು ಒಂದು ಮಧ್ಯಾಹ್ನ. ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಸೀರೆಗೆ ಇಸ್ತ್ರಿ ಇರಲಿಲ್ಲ, ಮುಖ ಇಳಿದಿತ್ತು. ಒಳಗೆ ಕರೆಯಲಿಲ್ಲ ನಾನು, ಅವಳೇ ಬಂದು ಪಡಸಾಲೆಯ ಕಂಬದ ಹತ್ತಿರ ನಿಂತಳು. ಜಾಹೀದ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ಕುಳಿತು ಸಣ್ಣ ಸಣ್ಣ ಕಲ್ಲು ಆರಿಸಿ ಒಂದು ಖಾಲಿ ಪೌಡರ್ ಡಬ್ಬಿಗೆ ಹಾಕುತ್ತಿದ್ದ.

"ತಪ್ಪಾತು ಸುರೈಯಾ," ಎಂದು ಅವಳು ಅತ್ತಳು. "ಊಟ ಹೋಗವಲ್ದು, ನಿದ್ದಿ ಬರವಲ್ದು. ನೀ ಬೇಕಾದ್ರ ನನ್ನ ಕೆನ್ನಿಗೆ ಹೊಡಿ. ಮಾತ ಮಾತ್ರ ಬಿಡಬ್ಯಾಡ. ನನಗ ನಿನ್ನಂಥಾ ತಂಗಿ ಮತ್ತೊಬ್ಬಾಕಿ ಸಿಗಂಗಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತಾಯಿತು, ಗೊತ್ತಾಗಿ ಸಂಕಟ ಇನ್ನೂ ಹೆಚ್ಚಾಯಿತು. ನನಗೂ ಅವಳಂಥ ಅಕ್ಕ ಮತ್ತೆ ಸಿಗುವುದಿಲ್ಲ.

ಅವಳು ಕಣ್ಣೊರೆಸಿಕೊಂಡು ಅಂಗಳದ ಕಡೆ ತಿರುಗಿದಳು.

"ಕೂಸು ಆರಾಮ ಆತಲ್ಲ, ಅಷ್ಟ ಸಾಕು. ಮೈ ಹಿಡದಾನ ನೋಡ. ಜಾಹೀದ! ಯಪ್ಪಾ, ಇಲ್ಲಿ ಬಾರೋ. ನೋಡ ಯಾರ ಬಂದಾರ!"

ಅವನು ತಿರುಗಲಿಲ್ಲ.

"ಜಾಹೀದಾ! ದೊಡ್ಡಮ್ಮ ಬಂದೇನಿ, ನೋಡ ಇಲ್ಲಿ." ಅವಳು ನನ್ನ ಕಡೆ ತಿರುಗಿ ನಗಲು ನೋಡಿದಳು. "ನಿನ್ನಂಗ ಇವನೂ ನನ್ನ ಮ್ಯಾಲ ಸಿಟ್ಟಾಗ್ಯಾನ."

"ಇನ್ನೊಮ್ಮಿ ಕರಿ," ಎಂದೆ.

ಅವಳು ಕರೆದಳು. ಚಪ್ಪಾಳೆ ತಟ್ಟಿ ಕರೆದಳು. ಕರೆ ಮುಗಿಯುವಷ್ಟರಲ್ಲಿ ನಗು ಹೋಗಿತ್ತು. ಕೈಗಳು ಚಪ್ಪಾಳೆಯ ನಡುವೆಯೇ ನಿಂತವು. ಅವಳು ನನ್ನ ಮುಖ ನೋಡಿದಳು, ಏನೋ ಕೇಳಲು ಬಾಯಿ ತೆರೆದಳು.

"ಇನ್ನೂ ಜೋರಾಗಿ ಕರಿ, ವಿಶಾಖಾ," ಎಂದೆ.

ಅವಳು ಕಂಬ ಹಿಡಿದುಕೊಂಡು, ಇದ್ದ ಉಸಿರೆಲ್ಲ ಕೂಡಿಸಿ ಅವನ ಹೆಸರು ಕೂಗಿದಳು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಜಾಹೀದ ಇನ್ನೊಂದು ಕಲ್ಲು ಆರಿಸಿ ಡಬ್ಬಿಗೆ ಹಾಕಿದ.